ಹೊಟ್ಟೆಯ ತೊಂದರೆಗಳು: ಪ್ರಾಥಮಿಕ ಹಂತದ ರೋಗನಿರ್ಣಯ

ಹೊಟ್ಟೆನೋವು, ಎದೆಯುರಿ, ಹುಳಿತೇಗು, ವಾಂತಿ, ಭೇದಿ, ಮಲಬದ್ಧತೆ, ಹೊಟ್ಟೆಯುಬ್ಬರ ಎಂದು ಬರುವ ರೋಗಿಯನ್ನು ಮೊದಲು ನೋಡುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಅಥವಾ ಊರಿನ ಕ್ಲಿನಿಕ್ಕಿನ ಡಾಕ್ಟರು. ಬಯಲುಸೀಮೆಯಲ್ಲಿ 30,000, ಗುಡ್ಡಗಾಡು ಹಾಗೂ ಬುಡಕಟ್ಟು ಪ್ರದೇಶಗಳಲ್ಲಿ 20,000 ಜನರಿಗೆ ಒಂದು ಕೇಂದ್ರವಿರಬೇಕು ಎಂಬುದು ನಮ್ಮ ದೇಶದ ಲೆಕ್ಕ. ಅಲ್ಲಿ ಸಿ.ಟಿ. ಸ್ಕ್ಯಾನ್ ಇಲ್ಲ, ಎಂಡೋಸ್ಕೋಪಿ ಇಲ್ಲ. ಕಣ್ಣು, ಕಿವಿ, ಕೈ, ಒಂದು ಸಣ್ಣ ಪ್ರಯೋಗಾಲಯ ಇವೆ. ಇವುಗಳನ್ನೇ ನಂಬಿ ಕಾಯಿಲೆಯನ್ನು ಗುರುತಿಸುವ ಕೆಲಸ ದೊಡ್ಡ ಆಸ್ಪತ್ರೆಯ ರೋಗನಿರ್ಣಯಕ್ಕಿಂತ ಕೆಳಗಿನದು ಎಂದು ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ಇದು ಬೇರೆಯೇ ಬಗೆಯ ಕೆಲಸ, ಅನೇಕ ಸಲ ಹೆಚ್ಚು ಕಷ್ಟದ್ದು. ತಜ್ಞರ ಬಳಿಗೆ ಬರುವ ರೋಗಿ ಆಗಲೇ ಒಂದು ಜರಡಿ ದಾಟಿರುತ್ತಾನೆ. ಆ ಜರಡಿ ಹಿಡಿದಿರುವವರು ಈ ಮೊದಲ ಹಂತದ ವೈದ್ಯರು.

ಎಷ್ಟು ಜನರಲ್ಲಿ ಎಷ್ಟು ಮಂದಿಗೆ ಗಂಭೀರ ಕಾಯಿಲೆ ಇರುತ್ತದೆ? ಕುಟುಂಬ ವೈದ್ಯರ ಬಳಿ ಹೊಟ್ಟೆನೋವಿನಿಂದ ಬಂದವರ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ, ಸುಮಾರು ಮೂರರಲ್ಲಿ ಒಬ್ಬರಿಗೆ ಖಚಿತ ಕಾರಣ ಸಿಗಲೇ ಇಲ್ಲ. ಹತ್ತರಲ್ಲಿ ಸುಮಾರು ಒಬ್ಬರಿಗೆ ತಡಮಾಡದೆ ಚಿಕಿತ್ಸೆ ಬೇಕಾದ ಕಾಯಿಲೆಯಿತ್ತು. ಅಪೆಂಡಿಸೈಟಿಸ್ ಇದ್ದವರು ನೂರಕ್ಕೆ ಇಬ್ಬರು, ಕ್ಯಾನ್ಸರ್ ಇದ್ದವರು ನೂರಕ್ಕೆ ಒಬ್ಬರು. ಹಾಗಾಗಿ ಈ ಹಂತದಲ್ಲಿ ಮೊದಲ ಪ್ರಶ್ನೆ ಕಾಯಿಲೆಯ ಹೆಸರಿನದಲ್ಲ. ಈ ಮನುಷ್ಯ ನಾಳೆಯವರೆಗೆ ಕಾಯಬಹುದೇ ಎಂಬುದೇ ಮೊದಲ ಪ್ರಶ್ನೆ.

ರೋಗಿಯ ಮಾತು

ಕರ್ನಾಟಕದ ಯಾವ ಊರಿನ ಹೊರರೋಗಿ ವಿಭಾಗದಲ್ಲಿ ಕುಳಿತರೂ ‘ಗ್ಯಾಸ್ಟ್ರಿಕ್’ ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಜಠರಕ್ಕೆ ಸಂಬಂಧಿಸಿದ ಎಂಬಷ್ಟೇ ಅರ್ಥವಿರುವ ಈ ಪದ ಕನ್ನಡದಲ್ಲಿ ಒಂದು ಕಾಯಿಲೆಯ ಹೆಸರಾಗಿ ನೆಲೆಯೂರಿದೆ. ಒಬ್ಬರಿಗೆ ಅದು ಎದೆಯುರಿ, ಇನ್ನೊಬ್ಬರಿಗೆ ತೇಗು, ಮತ್ತೊಬ್ಬರಿಗೆ ಎರಡು ತುತ್ತು ಉಂಡೊಡನೆ ಹೊಟ್ಟೆ ತುಂಬಿದಂತಾಗುವುದು. ‘ಗ್ಯಾಸು ಬೆನ್ನಿಗೆ ಹಿಡ್ಕೊಂಡಿದೆ’, ‘ಗ್ಯಾಸು ಎದೆಗೆ ಏರಿದೆ’ ಎನ್ನುವವರೂ ಇದ್ದಾರೆ. ಅಪಾಯ ಇರುವುದು ಈ ಕೊನೆಯ ಮಾತಿನಲ್ಲಿ. ಹೃದಯದ ಕೆಳಭಾಗಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಂಡಾಗ ನೋವು ಎದೆಗುಂಡಿಗೆಯ ಕೆಳಗೆ, ಮೇಲ್ಹೊಟ್ಟೆಯಲ್ಲಿ ಕಾಣಿಸಬಹುದು. ಜೊತೆಗೆ ವಾಂತಿ, ಬೆವರು. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಸಂಕಟ, ಸುಸ್ತು ಎಂದು ಬರಬಹುದು. ಸೋಡಾ ಕುಡಿದು, ಗ್ಯಾಸಿನ ಮಾತ್ರೆ ನುಂಗಿ, ಬೆಳಗಾಗಲೆಂದು ಕಾದ ಮನೆಗಳಲ್ಲಿ ಎಷ್ಟು ಜೀವಗಳು ಹೋಗಿವೆಯೋ. ನಲವತ್ತು ದಾಟಿದವರು ಮೊದಲ ಬಾರಿಗೆ ‘ಗ್ಯಾಸ್ಟ್ರಿಕ್’ ಎಂದು ಬೆವರುತ್ತ ಬಂದರೆ ಇ.ಸಿ.ಜಿ. ತೆಗೆಯದೆ ಕಳಿಸಬಾರದು ಎಂಬುದನ್ನು ಈ ಲೇಖನದ ಉಳಿದೆಲ್ಲ ಮಾತಿಗಿಂತ ಮೊದಲು ಹೇಳಬೇಕು.

ಆದ್ದರಿಂದ ವೈದ್ಯರು ಆ ಪದವನ್ನು ಪಕ್ಕಕ್ಕಿಟ್ಟು, ‘ಏನಾಗುತ್ತೆ, ಎಲ್ಲಾಗುತ್ತೆ, ಕೈಯಿಟ್ಟು ತೋರಿಸಿ’ ಎಂದು ಕೇಳಬೇಕಾಗುತ್ತದೆ. ಕೈ ಬಾಯಿಗಿಂತ ಸ್ಪಷ್ಟವಾಗಿ ಮಾತಾಡುತ್ತದೆ. ಒಂದೇ ಬೆರಳಿನಿಂದ ಒಂದೇ ಬಿಂದುವನ್ನು ತೋರಿಸುವವರ ನೋವು ಹೊಟ್ಟೆಯ ಗೋಡೆಯದೋ ಒಳಪೊರೆಯದೋ ಆಗಿರುವ ಸಾಧ್ಯತೆ ಹೆಚ್ಚು. ಅಂಗೈಯನ್ನು ಹೊಕ್ಕುಳಿನ ಸುತ್ತ ಆಡಿಸುವವರದು ಕರುಳಿನ ನೋವು. ಮುಷ್ಟಿಯನ್ನು ಎದೆಯ ನಡುವೆ ಒತ್ತಿ ಹಿಡಿದವರದು ಹೃದಯದ್ದಿರಬಹುದು.

ಕನ್ನಡದಲ್ಲಿ ಹೊಟ್ಟೆಯ ನೋವಿಗೆ ಇರುವ ಬೇರೆ ಬೇರೆ ಪದಗಳು ರೋಗನಿರ್ಣಯಕ್ಕೆ ನಿಜವಾಗಿ ನೆರವಾಗುತ್ತವೆ. ನುಲಿಯುತ್ತದೆ, ಹಿಂಡುತ್ತದೆ ಎಂದರೆ ಕರುಳು, ಪಿತ್ತನಾಳ, ಮೂತ್ರನಾಳಗಳಂಥ ಕೊಳವೆಯೊಂದು ತಡೆಯ ವಿರುದ್ಧ ಹಿಸುಕಿಕೊಳ್ಳುತ್ತಿದೆ. ಅಂಥ ರೋಗಿ ಒಂದು ಕಡೆ ಮಲಗಲಾರ, ಹೊರಳಾಡುತ್ತಾನೆ. ಒಳಪೊರೆ ಉರಿಗೊಂಡವರು ಇದಕ್ಕೆ ತದ್ವಿರುದ್ಧ, ಕದಲಿದರೆ ಜೀವ ಹೋದಂತಾಗುವುದರಿಂದ ಮಿಸುಕದೆ ಬಿದ್ದಿರುತ್ತಾರೆ. ಉರಿ ಎಂದರೆ ಆಮ್ಲದ ಕಡೆಗೆ, ಭಾರ ಎಂದರೆ ಯಕೃತ್ತಿನ ಅಥವಾ ಜಠರದ ಕಡೆಗೆ ಮನಸ್ಸು ಹೋಗಬೇಕು. ‘ಪಿತ್ತ ಜಾಸ್ತಿಯಾಗಿದೆ’, ‘ಉಷ್ಣ ಆಗಿದೆ’, ‘ಬಟ್ಟಿ ಸರಿದಿದೆ’ ಎಂಬ ಮಾತುಗಳನ್ನು ಅಜ್ಞಾನವೆಂದು ತಳ್ಳಿದರೆ ರೋಗಿ ಮುಂದಿನದನ್ನು ಹೇಳುವುದೇ ಇಲ್ಲ. ಪಿತ್ತ ಎಂದವರಿಗೆ ಬೆಳಗಿನ ಓಕರಿಕೆಯೋ, ತಲೆಸುತ್ತೋ, ಹಳದಿ ವಾಂತಿಯೋ ಎಂದು ಬಿಡಿಸಿ ಕೇಳಬೇಕು. ಹೊಸದಾಗಿ ಮದುವೆಯಾದ ಹೆಣ್ಣುಮಗಳ ‘ಪಿತ್ತ’ ಗರ್ಭದ ಮೊದಲ ಸುಳಿವೂ ಆಗಿರಬಹುದು. ಮನೆಯಲ್ಲಿ ಆಗಲೇ ಏನು ಮಾಡಿದ್ದಾರೆ ಎಂಬುದನ್ನೂ ಗದರದೆ ಕೇಳಬೇಕು. ಹೊಟ್ಟೆಯುಬ್ಬರಕ್ಕೋ ಕಾಮಾಲೆಗೋ ಕೂಸಿಗೆ ಬರೆ ಹಾಕಿಸುವ ರೂಢಿ ಕೆಲವು ಕಡೆ ಇನ್ನೂ ಉಳಿದಿದೆ. ಆ ಸುಟ್ಟ ಗುರುತು ತೊಂದರೆ ಎಷ್ಟು ದಿನದ್ದೆಂದು ಹೇಳುವ ಸಾಕ್ಷಿಯೂ ಹೌದು.

ನೋವಿನ ಜಾಗ, ನೋವಿನ ನಡೆ

ಭ್ರೂಣದಲ್ಲಿ ಜೀರ್ಣಾಂಗವು ಒಂದೇ ನೇರ ಕೊಳವೆಯಾಗಿ, ಮೈಯ ನಡುಗೆರೆಯಲ್ಲಿ ಬೆಳೆಯುತ್ತದೆ. ಅದರ ಮುಂಭಾಗದಿಂದ ಆದ ಜಠರ, ಯಕೃತ್ತು, ಮೇದೋಜೀರಕ ಗ್ರಂಥಿಗಳ ನೋವು ಮೇಲ್ಹೊಟ್ಟೆಯಲ್ಲಿ, ನಡುಭಾಗದಿಂದಾದ ಸಣ್ಣಕರುಳು ಮತ್ತು ಅಪೆಂಡಿಕ್ಸಿನ ನೋವು ಹೊಕ್ಕುಳಿನ ಸುತ್ತ, ಹಿಂಭಾಗದಿಂದಾದ ದೊಡ್ಡಕರುಳಿನ ಕೊನೆಯ ಭಾಗದ ನೋವು ಕಿಬ್ಬೊಟ್ಟೆಯಲ್ಲಿ ತೋರುತ್ತದೆ. ಅಂಗದ ಒಳನೋವು ಹೀಗೆ ಮಸುಕು, ನಡುವಿನದು. ಉರಿಯೂತ ಹೊಟ್ಟೆಯ ಒಳಪೊರೆಗೆ ತಾಗಿದ ಮೇಲೆ ಮಾತ್ರ ನೋವು ತನ್ನ ನಿಜವಾದ ಜಾಗಕ್ಕೆ ಬಂದು ಚೂಪಾಗುತ್ತದೆ.

ಈ ತತ್ವವನ್ನು ಅಪೆಂಡಿಸೈಟಿಸ್ಸಿನಷ್ಟು ಚೆನ್ನಾಗಿ ತೋರುವ ಕಾಯಿಲೆ ಬೇರೆ ಇಲ್ಲ. 1886ರಲ್ಲಿ ಅಮೆರಿಕದ ರೆಜಿನಾಲ್ಡ್ ಫಿಟ್ಜ್ ಇದಕ್ಕೆ ಹೆಸರಿಟ್ಟರು. 1889ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಮೆಕ್‌ಬರ್ನಿ, ಬಲಗಡೆಯ ಸೊಂಟದ ಮೂಳೆಯ ತುದಿಗೂ ಹೊಕ್ಕುಳಿಗೂ ನಡುವೆ ನೋವು ಹೆಚ್ಚಿರುವ ಬಿಂದುವನ್ನು ಗುರುತಿಸಿದರು. ಮೊದಲು ಹೊಕ್ಕುಳಿನ ಸುತ್ತ ಅಸ್ಪಷ್ಟ ನೋವು, ಊಟ ಬೇಡವೆನಿಸುವುದು, ಆಮೇಲೆ ಒಂದೆರಡು ವಾಂತಿ, ಕೆಲವು ಗಂಟೆಗಳಲ್ಲಿ ನೋವು ಬಲ ಕಿಬ್ಬೊಟ್ಟೆಗೆ ಇಳಿಯುವುದು, ಕೊನೆಗೆ ಸಣ್ಣ ಜ್ವರ. ಈ ಕ್ರಮಕ್ಕೆ ಬೆಲೆಯಿದೆ. ನೋವಿಗಿಂತ ಮೊದಲೇ ವಾಂತಿ ಶುರುವಾಗಿದ್ದರೆ ಅಪೆಂಡಿಸೈಟಿಸ್ ಸಾಧ್ಯತೆ ಕಡಿಮೆ. 1986ರಲ್ಲಿ ಅಲ್ವರಾಡೊ ಎಂಬ ವೈದ್ಯರು ಈ ಲಕ್ಷಣಗಳಿಗೆ ಹತ್ತು ಅಂಕಗಳ ಪಟ್ಟಿ ಮಾಡಿದರು. ಬಲ ಕಿಬ್ಬೊಟ್ಟೆಯ ನೋವಿಗೂ ಬಿಳಿ ರಕ್ತಕಣಗಳ ಏರಿಕೆಗೂ ಎರಡೆರಡು ಅಂಕ, ಉಳಿದ ಆರಕ್ಕೆ ಒಂದೊಂದು. ನಾಲ್ಕು ಮತ್ತು ಅದಕ್ಕಿಂತ ಕಡಿಮೆ ಬಂದವರಲ್ಲಿ ಈ ಕಾಯಿಲೆ ಇರುವ ಸಂಭವ ತೀರಾ ಕಡಿಮೆ. ದೊಡ್ಡ ಯಂತ್ರ ಬೇಡದ ಈ ಲೆಕ್ಕ ಪ್ರಾಥಮಿಕ ಕೇಂದ್ರಕ್ಕೇ ಹೇಳಿ ಮಾಡಿಸಿದಂತಿದೆ. ಆದರೆ ಗರ್ಭಿಣಿಯರಲ್ಲಿ, ಪುಟ್ಟ ಮಕ್ಕಳಲ್ಲಿ, ಮುದುಕರಲ್ಲಿ ಅಂಕಗಳನ್ನು ನಂಬಿ ಕೂರಬಾರದು.

ಹೊಟ್ಟೆಯ ಮೇಲೆ ಕೈ

ಪರೀಕ್ಷೆಗೆ ಬೇಕಾಗುವ ಮೊದಲ ವಸ್ತು ಮಲಗಿಸುವ ಮಂಚ. ಕುರ್ಚಿಯಲ್ಲಿ ಕೂತವರ ಹೊಟ್ಟೆಯನ್ನು ಸೀರೆಯ ಮೇಲಿಂದಲೋ ಅಂಗಿಯ ಮೇಲಿಂದಲೋ ಒತ್ತಿ ನೋಡಿ ಮಾತ್ರೆ ಬರೆಯುವುದು ಪರೀಕ್ಷೆಯಲ್ಲ. ಮಂದಿ ಜಾಸ್ತಿ, ಸಮಯ ಕಡಿಮೆ ಎಂಬ ಕಷ್ಟ ನಿಜ, ಆದರೂ ಎರಡು ನಿಮಿಷದ ಈ ಕೆಲಸಕ್ಕೆ ಬದಲಿ ಇಲ್ಲ.

ಮಂಡಿ ಮಡಚಿಸಿ, ಬೆಚ್ಚಗಿನ ಕೈಯಿಂದ, ನೋವಿರುವ ಕಡೆಯಿಂದ ದೂರದಲ್ಲಿ ಶುರುಮಾಡಬೇಕು. ಕಣ್ಣು ಹೊಟ್ಟೆಯ ಮೇಲಲ್ಲ, ರೋಗಿಯ ಮುಖದ ಮೇಲಿರಬೇಕು. ಒತ್ತಿ ತಟ್ಟನೆ ಕೈ ತೆಗೆದು ನೋಯಿಸುವ ಹಳೆಯ ವಿಧಾನಕ್ಕಿಂತ ಮೆಲ್ಲಗೆ ಬೆರಳಿನಿಂದ ತಟ್ಟುವುದು, ಕೆಮ್ಮಿಸುವುದು, ಮಕ್ಕಳಾದರೆ ಒಂದು ಸಲ ನೆಗೆಯಲು ಹೇಳುವುದು ಸಾಕು. ಒಳಪೊರೆ ಉರಿಗೊಂಡಿದ್ದರೆ ಮಗು ನೆಗೆಯುವುದೇ ಇಲ್ಲ. ಬಲಪಕ್ಕೆಯ ಕೆಳಗೆ ಕೈಯಿಟ್ಟು ಉಸಿರೆಳೆಯಲು ಹೇಳಿದಾಗ ಉಸಿರು ಅರ್ಧಕ್ಕೆ ನಿಂತರೆ ಪಿತ್ತಕೋಶದ ಉರಿಯೂತ. ಷಿಕಾಗೊದ ಜಾನ್ ಬಿ. ಮರ್ಫಿ ಅವರ ಹೆಸರಿನ ಚಿಹ್ನೆ ಇದು. ತೊಡೆಸಂದಿಗಳನ್ನು ನೋಡದೆ ಹೊಟ್ಟೆಯ ಪರೀಕ್ಷೆ ಮುಗಿಯುವುದಿಲ್ಲ. ವಾಂತಿ, ಉಬ್ಬರ ಎಂದು ಬಂದ ಅಜ್ಜಿಯ ಸೀರೆಯ ಮರೆಯಲ್ಲಿ ಸಿಕ್ಕಿಹಾಕಿಕೊಂಡ ಸಣ್ಣ ಹರ್ನಿಯಾ ಇರಬಹುದು. ಹೊಟ್ಟೆನೋವು ಎನ್ನುವ ಹುಡುಗ ನಾಚಿಕೊಂಡು ಮುಚ್ಚಿಟ್ಟಿರುವುದು ತಿರುಚಿಕೊಂಡ ವೃಷಣವಾಗಿರಬಹುದು; ಅದನ್ನು ಉಳಿಸಿಕೊಳ್ಳಲು ಇರುವುದು ಸುಮಾರು ಆರು ಗಂಟೆ.

ತೀರಾ ಕಡಿಮೆ ಬಳಕೆಯಲ್ಲಿರುವ, ತೀರಾ ಸುಲಭದ ಪರೀಕ್ಷೆಯೊಂದಿದೆ. 1926ರಲ್ಲಿ ಕಾರ್ನೆಟ್ ಎಂಬ ಶಸ್ತ್ರವೈದ್ಯರು ವಿವರಿಸಿದ್ದು. ನೋಯುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು, ರೋಗಿಗೆ ತಲೆ ಮತ್ತು ಭುಜ ಎತ್ತಲು ಹೇಳಬೇಕು. ಹೊಟ್ಟೆಯ ಸ್ನಾಯು ಬಿಗಿಯಾದಾಗ ಒಳಗಿನ ಅಂಗಕ್ಕೆ ಕಾವಲು ಸಿಕ್ಕಿ ಅದರ ನೋವು ತಗ್ಗುತ್ತದೆ. ನೋವು ಅಷ್ಟೇ ಇದ್ದರೆ ಅಥವಾ ಹೆಚ್ಚಿದರೆ ಅದು ಹೊಟ್ಟೆಯ ಗೋಡೆಯದೇ: ಸ್ನಾಯುವಿನದು, ಸಿಕ್ಕಿಕೊಂಡ ನರದ್ದು, ಹಳೆಯ ಹೊಲಿಗೆಯದು. ಕುಟುಂಬ ಯೋಜನೆಯ ಆಪರೇಷನ್ನು, ಸಿಸೇರಿಯನ್ನು ಆದ ಜಾಗದ ನೋವಿಗೆ ವರ್ಷಗಟ್ಟಲೆ ಗ್ಯಾಸಿನ ಮಾತ್ರೆ ನುಂಗುತ್ತ, ನಾಲ್ಕಾರು ಸ್ಕ್ಯಾನ್ ಮಾಡಿಸಿದ ಹೆಂಗಸರಿಗೆ ಈ ಅರ್ಧ ನಿಮಿಷದ ಪರೀಕ್ಷೆ ದೊಡ್ಡ ಬಿಡುಗಡೆ.

ನೋವಿಗೆ ಮದ್ದು ಕೊಟ್ಟರೆ ಕಾಯಿಲೆ ಮರೆಯಾಗುತ್ತದೆ ಎಂಬ ಹಳೆಯ ಭಯ ಈಗ ಉಳಿದಿಲ್ಲ. ತೀವ್ರ ಹೊಟ್ಟೆನೋವಿನ ಕುರಿತು 1921ರಲ್ಲಿ ಮೊದಲು ಬಂದ, ಇಂದಿಗೂ ಓದಿಸಲಾಗುವ ಜಕರಿ ಕೋಪ್ ಅವರ ಕೈಪಿಡಿಯ ಕಾಲದಲ್ಲಿ ಆ ಎಚ್ಚರಿಕೆಗೆ ಕಾರಣವಿತ್ತು. ನಂತರದ ಅಧ್ಯಯನಗಳನ್ನು ಒಟ್ಟುಗೂಡಿಸಿದ ಕೊಕ್ರೇನ್ ಪರಿಶೀಲನೆಯಲ್ಲಿ, ನೋವು ನಿವಾರಕ ಕೊಟ್ಟದ್ದರಿಂದ ರೋಗನಿರ್ಣಯದ ತಪ್ಪುಗಳು ಹೆಚ್ಚಿದ್ದು ಕಂಡುಬಂದಿಲ್ಲ. ನೋಯುವವರನ್ನು ನೋಯಲು ಬಿಟ್ಟು ಆಂಬ್ಯುಲೆನ್ಸಿಗೆ ಹತ್ತಿಸುವುದಕ್ಕೆ ಈಗ ಸಮರ್ಥನೆಯಿಲ್ಲ. ಅದೇ ಕೋಪ್ ಹೇಳಿದ ಇನ್ನೊಂದು ಮಾತು ಮಾತ್ರ ಹಳತಾಗಿಲ್ಲ: ಚೆನ್ನಾಗಿದ್ದವರಿಗೆ ಬಂದ ಜೋರು ಹೊಟ್ಟೆನೋವು ಆರು ಗಂಟೆ ಕಳೆದರೂ ಇಳಿಯದಿದ್ದರೆ ಅದು ಬಹುಪಾಲು ಶಸ್ತ್ರಚಿಕಿತ್ಸೆಯ ವಿಷಯ.

ಕಾಯಲಾಗದವರು

ಹೆರುವ ವಯಸ್ಸಿನ ಪ್ರತಿ ಹೆಣ್ಣಿನ ಹೊಟ್ಟೆನೋವಿಗೂ ಮೂತ್ರದ ಗರ್ಭ ಪರೀಕ್ಷೆ ಮಾಡಲೇಬೇಕು. ಮುಟ್ಟು ತಪ್ಪಿ ಕೆಲವು ವಾರಗಳಾಗಿ, ಕಿಬ್ಬೊಟ್ಟೆಯ ಒಂದು ಬದಿ ನೋಯುತ್ತ, ತಲೆಸುತ್ತಿ ಬಿದ್ದರೆ ಗರ್ಭನಾಳದಲ್ಲಿ ಕಟ್ಟಿದ ಗರ್ಭ ಒಡೆದು ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಆಶಾ ಕಾರ್ಯಕರ್ತೆಯರ ಬಳಿಯೇ ಸಿಗುವ ‘ನಿಶ್ಚಯ್’ ಕಿಟ್ಟಿನಿಂದ ಐದು ನಿಮಿಷದಲ್ಲಿ ಸುಳಿವು ಸಿಗುತ್ತದೆ. ಅತ್ತೆಯ ಎದುರು, ಗಂಡನ ಎದುರು ಈ ಪ್ರಶ್ನೆ ಕೇಳಬಾರದು. ಮದುವೆಯಾಗಿಲ್ಲ, ಆಪರೇಷನ್ ಆಗಿದೆ ಎಂಬ ಉತ್ತರವನ್ನು ನಂಬಿ ಪರೀಕ್ಷೆ ಬಿಡುವಂತೆಯೂ ಇಲ್ಲ.

ಹೊಟ್ಟೆಯೊಳಗೆ ಕಾಯಿಲೆಯೇ ಇಲ್ಲದೆ ಹೊಟ್ಟೆ ನೋಯಿಸುವ ಕೆಲವು ಸ್ಥಿತಿಗಳು ಹಳ್ಳಿಯ ವೈದ್ಯರಿಗೆ ಗೊತ್ತಿರಲೇಬೇಕು. ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವು, ವಾಂತಿ ಎಂದು ಎದ್ದು, ಸ್ವಲ್ಪ ಹೊತ್ತಿಗೆ ರೆಪ್ಪೆ ಜೋಲತೊಡಗಿದರೆ ಅದು ಕಟ್ಟುಹಾವಿನ ಕಡಿತ. ಇದರ ಹಲ್ಲಿನ ಗುರುತು ಕಾಣದಷ್ಟು ಸಣ್ಣದು, ಕಚ್ಚಿದ ಜಾಗ ಊದುವುದಿಲ್ಲ, ಮಲಗಿದವರಿಗೆ ಎಚ್ಚರವೂ ಆಗದಿರಬಹುದು. ಅಜೀರ್ಣವೆಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಬೆಳೆಗೆ ಔಷಧಿ ಹೊಡೆದು ಬಂದವರ ವಾಂತಿ, ನುಲಿತ, ಭೇದಿಯ ಜೊತೆ ಜೊಲ್ಲು, ಬೆವರು, ಸಾಸಿವೆಯಷ್ಟು ಕಿರಿದಾದ ಕಣ್ಣಪಾಪೆ ಇದ್ದರೆ ಅದು ಕೀಟನಾಶಕದ ವಿಷ. ಮಕ್ಕಳು, ಹರೆಯದವರು ಹೊಟ್ಟೆನೋವೆಂದು ಏದುಸಿರು ಬಿಡುತ್ತ ಬಂದರೆ ಬೆರಳು ಚುಚ್ಚಿ ಸಕ್ಕರೆ ನೋಡಬೇಕು. ಅಲ್ಲಿಯವರೆಗೆ ಗೊತ್ತೇ ಇರದ ಮಧುಮೇಹ ಹೀಗೆಯೇ ಕಾಣಿಸಿಕೊಳ್ಳುವುದುಂಟು. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಕುಡಗೋಲು ರಕ್ತಕಣದ ಕಾಯಿಲೆಯೂ ಹೊಟ್ಟೆನೋವಿನ ರೂಪದಲ್ಲಿ ಬರುತ್ತದೆ.

ವಯಸ್ಸಾದವರ ಹೊಟ್ಟೆ ಕಾಯಿಲೆಯ ಗಾತ್ರವನ್ನು ಮುಚ್ಚಿಡುತ್ತದೆ. ಕರುಳು ತೂತಾಗಿದ್ದರೂ ಹೊಟ್ಟೆ ಗಟ್ಟಿಯಾಗದೆ, ಜ್ವರ ಬಾರದೆ ಇರಬಹುದು. ನಾಡಿ ಏರುಪೇರಾಗಿ ಬಡಿಯುವ ವೃದ್ಧರಿಗೆ ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದು, ಮುಟ್ಟಿದರೆ ಹೊಟ್ಟೆ ಮೆತ್ತಗೇ ಇದ್ದರೆ, ಕರುಳಿನ ರಕ್ತನಾಳ ಕಟ್ಟಿಕೊಂಡಿರುವ ಸಂಭವವಿದೆ. ನೋವಿಗೂ ಪರೀಕ್ಷೆಗೂ ತಾಳೆಯಾಗದಿರುವುದೇ ಇಲ್ಲಿನ ಸುಳಿವು.

ಜ್ವರದ ಜೊತೆಗಿನ ಹೊಟ್ಟೆ

ಮಳೆಗಾಲದಲ್ಲಿ ನೀರು ಕೆಟ್ಟರೆ ವಾಂತಿಭೇದಿ, ಟೈಫಾಯಿಡ್, ಕಾಮಾಲೆ ಒಟ್ಟಿಗೇ ಬರುತ್ತವೆ. ಭೇದಿಯಲ್ಲಿ ಮೊದಲು ಗುರುತಿಸಬೇಕಾದ್ದು ರೋಗಾಣುವಿನ ಹೆಸರನ್ನಲ್ಲ, ಮೈಯಿಂದ ಹೋದ ನೀರನ್ನು: ಗುಳಿಬಿದ್ದ ಕಣ್ಣು, ಒಣಗಿದ ಬಾಯಿ, ಚಿವುಟಿದರೆ ಮೆಲ್ಲಗೆ ಹಿಂದಿರುಗುವ ಚರ್ಮ, ಕಡಿಮೆಯಾದ ಮೂತ್ರ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಅವರು ಉಪ್ಪು-ಸಕ್ಕರೆ-ನೀರಿನಿಂದ ಕಾಲರಾ ರೋಗಿಗಳನ್ನು ಉಳಿಸಿ ತೋರಿಸಿದ ಮೇಲೆ ಓ.ಆರ್.ಎಸ್. ಜಗತ್ತಿನ ಚಿಕಿತ್ಸೆಯಾಯಿತು. ಮಲದಲ್ಲಿ ರಕ್ತ, ಲೋಳೆ ಇದ್ದರೆ ಆಮಶಂಕೆ, ಆಗ ಮಾತ್ರ ಆ್ಯಂಟಿಬಯಾಟಿಕ್ಕಿನ ಯೋಚನೆ. ಮಕ್ಕಳಿಗೆ ಸತುವಿನ ಮಾತ್ರೆ 14 ದಿನ.

ಟೈಫಾಯಿಡ್ ಪತ್ತೆಗೆ ನಮ್ಮಲ್ಲಿ ಈಗಲೂ ಹೆಚ್ಚು ಬರೆಯುವುದು 1896ರಷ್ಟು ಹಳೆಯ ವಿಡಾಲ್ ಪರೀಕ್ಷೆಯನ್ನು. ಟೈಫಾಯಿಡ್ ಸದಾ ಇರುವ ಪ್ರದೇಶದಲ್ಲಿ ಒಂದೇ ಸಲದ ವಿಡಾಲ್ ಪಾಸಿಟಿವ್ ಬಂದರೆ ಏನೂ ಸಾಬೀತಾಗುವುದಿಲ್ಲ. ಮೊದಲ ವಾರದಲ್ಲಿ ರಕ್ತದ ಕಲ್ಚರ್ ಕಳಿಸುವುದೇ ಸರಿಯಾದ ದಾರಿ. ಮೂರನೇ ವಾರದ ಹೊತ್ತಿಗೆ ಹೊಟ್ಟೆ ಇದ್ದಕ್ಕಿದ್ದಂತೆ ಗಟ್ಟಿಯಾದರೆ ಕರುಳು ತೂತಾಗಿದೆ ಎಂದರ್ಥ.

ಬಲಪಕ್ಕೆಯಲ್ಲಿ ಭಾರ, ಜ್ವರ, ಬಲಭುಜಕ್ಕೆ ಹರಡುವ ನೋವು, ಪಕ್ಕೆಲುಬುಗಳ ನಡುವೆ ಬೆರಳಿಟ್ಟರೆ ಬೆಚ್ಚಿಬೀಳುವುದು, ಅದರಲ್ಲೂ ಕುಡಿತವಿರುವ ಗಂಡಸರಲ್ಲಿ, ಯಕೃತ್ತಿನಲ್ಲಿ ಅಮೀಬಾದಿಂದಾದ ಕೀವಿನ ಗಡ್ಡೆಯನ್ನು ತೋರುತ್ತವೆ. ಆಮಶಂಕೆಯಾದ ನೆನಪೇ ಅವರಿಗೆ ಇರದಿರಬಹುದು. ಕಾಮಾಲೆಯ ಬಹುಪಾಲು ತಾನಾಗಿ ಇಳಿಯುತ್ತದೆ, ಆದರೆ ಗರ್ಭಿಣಿಗೆ ಬಂದ ಕಾಮಾಲೆಯನ್ನು ಒಂದು ದಿನವೂ ಮನೆಯಲ್ಲಿಟ್ಟುಕೊಳ್ಳಬಾರದು. 1955-56ರಲ್ಲಿ ದೆಹಲಿಯಲ್ಲಿ ಸುಮಾರು 29,000 ಜನರಿಗೆ ಹಬ್ಬಿದ ಕಾಮಾಲೆ ನೀರಿನಿಂದ ಬರುವ ಹೆಪಟೈಟಿಸ್-ಇ ಎಂದು ಮುಂದೆ ತಿಳಿಯಿತು. ಗರ್ಭಿಣಿಯರಿಗೆ ಅದು ಪ್ರಾಣಾಂತಕ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೆ ಶುರುವಾಗುವ ಹೊಟ್ಟೆನೋವು ಮತ್ತು ನಿಲ್ಲದ ವಾಂತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಿಂದ ಅಪಾಯದ ಸೂಚನೆಗಳ ಸಾಲಿಗೆ ಸೇರಿಸಿದೆ. ಜ್ವರ ಬಿಟ್ಟಿತೆಂದು ಮನೆಯವರು ನಿಟ್ಟುಸಿರು ಬಿಡುವ ದಿನವೇ ಕಾವಲಿರಬೇಕಾದ ದಿನ.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದವರು. ಸಂಜೆಯ ಜ್ವರ, ಇಳಿಯುತ್ತಿರುವ ತೂಕ, ಉಂಡ ಮೇಲೆ ನುಲಿತ, ಹೊಟ್ಟೆಯೊಳಗೆ ಚೆಂಡು ಉರುಳಿ ಗುಳುಗುಳು ಎಂದು ಸದ್ದಾಗಿ ನೋವು ನಿಲ್ಲುವುದು: ಇದನ್ನು ಕೇಳಿದರೆ ಕರುಳಿನ ಕ್ಷಯದ ನೆನಪಾಗಬೇಕು. ಅದು ಹೆಚ್ಚಾಗಿ ಕೂರುವುದು ಸಣ್ಣಕರುಳು ದೊಡ್ಡಕರುಳನ್ನು ಸೇರುವಲ್ಲಿ. ಕೆಮ್ಮೇ ಇಲ್ಲದವರಿಗೂ ಬರುತ್ತದೆ.

ವರ್ಷಗಳಿಂದ ಕಾಡುವ ಹೊಟ್ಟೆ

ಇಲ್ಲಿ ಮೊದಲು ಹುಡುಕಬೇಕಾದ್ದು ಎಚ್ಚರಿಕೆಯ ಗುರುತುಗಳು: ಕಾರಣವಿಲ್ಲದೆ ತೂಕ ಇಳಿಯುವುದು, ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ರಕ್ತಹೀನತೆ, ವಾಂತಿಯಲ್ಲಿ ಅಥವಾ ಮಲದಲ್ಲಿ ರಕ್ತ, ಕೈಗೆ ಸಿಗುವ ಗಡ್ಡೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಮನೆತನದಲ್ಲಿ ಕ್ಯಾನ್ಸರ್. ಡಾಂಬರಿನಂಥ ಕಪ್ಪು ಮಲ ಜಠರದ ರಕ್ತಸ್ರಾವ. ಕಬ್ಬಿಣದ ಮಾತ್ರೆ ನುಂಗುವವರ ಮಲವೂ ಕಪ್ಪಾಗುತ್ತದೆ, ಆದರೆ ಅದು ಅಂಟಾಗಿ ನಾರುವುದಿಲ್ಲ. ಮಲದಲ್ಲಿ ರಕ್ತ ಕಂಡವರನ್ನೆಲ್ಲ ‘ಪೈಲ್ಸ್’ ಎಂದು ಕರೆದು, ಬೆರಳಿಟ್ಟು ಗುದ ಪರೀಕ್ಷೆ ಮಾಡದೆ ತಿಂಗಳುಗಟ್ಟಲೆ ಮುಲಾಮು ಕೊಡುವುದು ಅಕ್ಷಮ್ಯ. ಹೊಸದಾಗಿ ಅಜೀರ್ಣ ಶುರುವಾದವರಿಗೆ ಯಾವ ವಯಸ್ಸಿನಿಂದ ಎಂಡೋಸ್ಕೋಪಿ ಬೇಕು ಎಂಬುದಕ್ಕೆ 2017ರ ಅಮೆರಿಕ-ಕೆನಡಾ ಮಾರ್ಗಸೂಚಿ 60 ವರ್ಷ ಎನ್ನುತ್ತದೆ, ಬ್ರಿಟನ್ನಿನದು ತೂಕ ಇಳಿದಿದ್ದರೆ 55 ಎನ್ನುತ್ತದೆ. ಇವು ಅಲ್ಲಿನ ಲೆಕ್ಕಗಳು, ಇಲ್ಲಿ ಅವನ್ನು ಕಣ್ಣುಮುಚ್ಚಿ ಹಿಡಿಯಬೇಕಿಲ್ಲ.

ಜಠರದ ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣವೆಂಬ ನಂಬಿಕೆಯನ್ನು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅಳಿಸಿಹಾಕಿದರು. 1984ರಲ್ಲಿ ಮಾರ್ಷಲ್ ಹೆಲಿಕೊಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಈ ಬ್ಯಾಕ್ಟೀರಿಯಾ ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ, ಪಾಸಿಟಿವ್ ಬಂದಿತೆಂದ ಮಾತ್ರಕ್ಕೆ ಅದೇ ತೊಂದರೆಯ ಮೂಲವೆಂದು ಹೇಳಲಾಗದು. ಪರೀಕ್ಷೆಗೆ ಎರಡು ವಾರ ಮೊದಲು ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ನಿಲ್ಲಿಸದಿದ್ದರೆ ಸೋಂಕಿದ್ದರೂ ಇಲ್ಲವೆಂದು ಬರಬಹುದು. ಹುಣ್ಣಿನ ಇನ್ನೊಂದು ದೊಡ್ಡ ಕಾರಣ ಮೈಕೈ ನೋವಿಗೆ ಅಂಗಡಿಯಲ್ಲಿ ಕೊಂಡು ನುಂಗುವ ಡೈಕ್ಲೋಫೆನಾಕ್. ಕೂಲಿ ಮಾಡುವವರು ಅದನ್ನು ಔಷಧಿಯೆಂದೇ ಎಣಿಸುವುದಿಲ್ಲವಾದ್ದರಿಂದ ‘ಮಾತ್ರೆ ಏನಾದರೂ ತಗೋತೀರಾ’ ಎಂದರೆ ಇಲ್ಲ ಎನ್ನುತ್ತಾರೆ. ‘ಮೈಕೈ ನೋವಿಗೆ ಏನು ತಗೋತೀರಿ’ ಎಂದು ಕೇಳಬೇಕು.

ಎಚ್ಚರಿಕೆಯ ಗುರುತಿಲ್ಲದೆ, ತಿಂಗಳುಗಳಿಂದ ವಾರಕ್ಕೊಮ್ಮೆಯಾದರೂ ನೋವು ಬರುತ್ತ, ಅದು ಮಲವಿಸರ್ಜನೆಯೊಂದಿಗೆ ಏರಿಳಿದು, ಮಲದ ಲೆಕ್ಕ ಅಥವಾ ರೂಪ ಬದಲಾಗುತ್ತಿದ್ದರೆ 2016ರ ರೋಮ್ ಮಾನದಂಡದ ಪ್ರಕಾರ ಅದು ಐ.ಬಿ.ಎಸ್., ಅಂದರೆ ಕೆರಳುವ ಕರುಳಿನ ತೊಂದರೆ. ಇದನ್ನು ಎಲ್ಲ ಪರೀಕ್ಷೆ ಮುಗಿದ ಮೇಲೆ ಉಳಿಯುವ ಹೆಸರಾಗಿ ಹೇಳದೆ, ಲಕ್ಷಣಗಳಿಂದಲೇ ಧೈರ್ಯವಾಗಿ ಗುರುತಿಸಿ ಹೇಳುವುದು ರೋಗಿಗೆ ಒಳ್ಳೆಯದು. ‘ನಿಮಗೇನೂ ಇಲ್ಲ’ ಎಂಬ ಮಾತಿನಷ್ಟು ನೋಯಿಸುವ ರೋಗನಿರ್ಣಯ ಇನ್ನೊಂದಿಲ್ಲ. ನೋವು ಇದೆ, ಕರುಳಿಗೂ ಮಿದುಳಿಗೂ ನಡುವಿನ ನರಗಳ ಸಂಪರ್ಕ ಸೂಕ್ಷ್ಮವಾಗಿದೆ ಎಂದು ಬಿಡಿಸಿ ಹೇಳಬೇಕು. ಕರುಳು ಚುರ್ ಎಂದಿತು, ದುಃಖವನ್ನು ಹೊಟ್ಟೆಯಲ್ಲಿಟ್ಟುಕೊಂಡಳು ಎನ್ನುವ ಭಾಷೆಯವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ಹಾಲು ಕುಡಿದರೆ ಉಬ್ಬರವೇ ಎಂದೂ ಕೇಳಬೇಕು: 1981ರ ಒಂದು ಅಧ್ಯಯನದಲ್ಲಿ ದಕ್ಷಿಣ ಭಾರತೀಯರಲ್ಲಿ ಮೂರರಲ್ಲಿ ಇಬ್ಬರಿಗೆ ಹಾಲಿನ ಸಕ್ಕರೆ ಅರಗುತ್ತಿರಲಿಲ್ಲ, ಉತ್ತರದವರಲ್ಲಿ ಆ ಪ್ರಮಾಣ ಕಾಲುಭಾಗಕ್ಕಿಂತ ತುಸು ಹೆಚ್ಚಿತ್ತು. ಅಂಥವರಿಗೂ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತವೆ.

ಮಕ್ಕಳ ಮರುಕಳಿಸುವ ಹೊಟ್ಟೆನೋವನ್ನು ಜಂತುಹುಳುವಿನ ತಲೆಗೆ ಕಟ್ಟುವುದು ರೂಢಿ. 1958ರಲ್ಲಿ ಬ್ರಿಸ್ಟಲ್‌ನ ಜಾನ್ ಆ್ಯಪ್ಲಿ ಸಾವಿರ ಶಾಲಾಮಕ್ಕಳನ್ನು ನೋಡಿ, ಹತ್ತರಲ್ಲಿ ಒಂದು ಮಗುವಿಗೆ ಇಂಥ ನೋವಿದೆಯೆಂದೂ, ಬಹುತೇಕರಲ್ಲಿ ಅಂಗದ ಕಾಯಿಲೆ ಇರುವುದಿಲ್ಲವೆಂದೂ ಕಂಡುಕೊಂಡರು. ನೋವು ಹೊಕ್ಕುಳಿನಿಂದ ದೂರವಾದಷ್ಟೂ ಕಾಯಿಲೆಯ ಸಂಭವ ಹೆಚ್ಚು. ಇನ್ನು ಎದೆಹಾಲಿನ ವಯಸ್ಸಿನ ಕೂಸು ಕಾಲು ಮಡಚಿ ಕಿರುಚಿ, ಸುಮ್ಮನಾಗಿ, ಮತ್ತೆ ಕಿರುಚುತ್ತಿದ್ದರೆ, ಕೆಂಪು ಲೋಳೆ ಹೋಗುವವರೆಗೆ ಕಾಯದೆ ಕರುಳೊಳಗೆ ಕರುಳು ತೂರಿಕೊಂಡಿದೆಯೆಂದು ಶಂಕಿಸಬೇಕು.

ಪರೀಕ್ಷೆಗಳು, ಕಾಯುವಿಕೆ, ಚೀಟಿ

ರಕ್ತಕಣಗಳ ಎಣಿಕೆ, ಮೂತ್ರ, ಸಕ್ಕರೆ, ಗರ್ಭ ಪರೀಕ್ಷೆ, ಇ.ಸಿ.ಜಿ. ಈ ಐದು ಸಿಕ್ಕರೆ ಹೆಚ್ಚಿನ ತುರ್ತುಗಳನ್ನು ಬೇರ್ಪಡಿಸಬಹುದು. ಸ್ಕ್ಯಾನಿಂಗ್ ಉಪಯುಕ್ತ, ಆದರೆ ಅದು ಕೇಳದ ಪ್ರಶ್ನೆಗಳಿಗೂ ಉತ್ತರ ಕೊಡುತ್ತದೆ. ‘ಗ್ರೇಡ್ ಒನ್ ಫ್ಯಾಟಿ ಲಿವರ್’ ಎಂಬ ಸಾಲು ಹೊಟ್ಟೆನೋವಿಗೆ ಕಾರಣವಲ್ಲ. ಪಿತ್ತಕೋಶದಲ್ಲಿ ಸುಮ್ಮನೆ ಕೂತ ಕಲ್ಲು ಎಷ್ಟೋ ಜನರಿಗೆ ಜೀವಮಾನವಿಡೀ ತೊಂದರೆ ಕೊಡುವುದಿಲ್ಲ.

ಸ್ಪಷ್ಟವಾಗದ ಹೊಟ್ಟೆನೋವಿಗೆ ಕೆಲವು ಗಂಟೆ ಬಿಟ್ಟು ಅದೇ ಕೈ ಅದೇ ಹೊಟ್ಟೆಯನ್ನು ಮತ್ತೆ ಮುಟ್ಟುವುದೇ ಅತ್ಯುತ್ತಮ ಪರೀಕ್ಷೆ. ಸಂಜೆಯ ಕೊನೆಯ ಬಸ್ಸು ಹಿಡಿಯಬೇಕಾದವರಿಗೆ ಇದು ಸುಲಭವಲ್ಲ. ಅಂಥವರನ್ನು ಕೇಂದ್ರದಲ್ಲೇ ರಾತ್ರಿ ಉಳಿಸಿಕೊಳ್ಳಬೇಕು, ಇಲ್ಲವೇ ಯಾವ ಲಕ್ಷಣ ಬಂದರೆ, ಎಷ್ಟು ಹೊತ್ತಿನೊಳಗೆ, ಎಲ್ಲಿಗೆ ಬರಬೇಕು ಎಂದು ಮನೆಯವರ ಬಾಯಿಂದ ಮರಳಿ ಹೇಳಿಸಿ ಕಳಿಸಬೇಕು. ನೋವು ಒಂದೇ ಕಡೆ ನಿಂತರೆ, ಹಸಿರು ವಾಂತಿಯಾದರೆ, ಗಾಳಿಯೂ ಹೋಗದಂತಾದರೆ, ತಲೆಸುತ್ತಿದರೆ ಬೆಳಗಿಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ತಾಲ್ಲೂಕು ಆಸ್ಪತ್ರೆಗೆ ಕಳಿಸುವ ಚೀಟಿಯಲ್ಲಿ ‘ಹೊಟ್ಟೆನೋವು, ಮುಂದಿನ ಚಿಕಿತ್ಸೆಗಾಗಿ’ ಎಂದಷ್ಟೇ ಬರೆದರೆ ಅಲ್ಲಿ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ನೋವು ಶುರುವಾದ ಗಂಟೆ, ಅದು ಸರಿದ ದಾರಿ, ಕೊನೆಯ ಮುಟ್ಟಿನ ದಿನ, ಮೊದಲು ಮುಟ್ಟಿದಾಗ ಹೊಟ್ಟೆ ಹೇಗಿತ್ತು, ಯಾವ ಇಂಜೆಕ್ಷನ್ ಎಷ್ಟು ಹೊತ್ತಿಗೆ ಕೊಟ್ಟದ್ದು, ಮೂತ್ರ ಯಾವಾಗ ಹೋಯಿತು, ಬಾಯಿಗೆ ಕೊನೆಯ ಸಲ ಏನು ಕೊಟ್ಟರು: ಈ ಏಳು ಸಂಗತಿಗಳಿಗೆ ಚೀಟಿಯ ಒಂದು ಮಗ್ಗುಲು ಸಾಕು.